ಹುಡುಗಿಗಿ ಜರಾ ಬುದ್ಧಿ ಹೇಳ್ರಿ

ನಮ್ಮ ಮನೆತನದಲ್ಲಿ ಯಾರೂ ಬಾಯಿ ಬಿಟ್ಟು ಏನನ್ನೂ ಕೇಳುವುದಿಲ್ಲ. ಹಸಿವಾದರೆ “ಹೊತ್ತು ಭಾಳ ಆತಲ್ಲ” ಎನ್ನುತ್ತಾರೆ. ಎತ್ತು ಬೇಕಾದರೆ “ನಿಮ್ಮ ಎತ್ತು ಛಲೋ ಮೈ ಹಿಡದಾವ್ರಿ” ಎಂದು ಹೊಗಳಿ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಎದುರಿನವರು ತಾವೇ ತಿಳಿದು ಹಗ್ಗ ಬಿಚ್ಚಿ ಕೊಡಬೇಕು. ಮಕ್ಕಳಿಗೊಂದು ಆಸರೆ ಬೇಕಾದಾಗ ಹೇಳುವ ಮಾತೇ ಬೇರೆ. ಮಗುವನ್ನು ಮುಂದೆ ನಿಲ್ಲಿಸಿ “ಇದಕ್ಕ ಜರಾ ಬುದ್ಧಿ ಹೇಳ್ರಿ” ಎನ್ನಬೇಕು. ಕೇಳಿಸಿಕೊಂಡವರಿಗೆ ವಿಷಯ ಗೊತ್ತಾಗುತ್ತದೆ. ಮನಸ್ಸಿದ್ದರೆ “ಇಲ್ಲೇ ಬಿಟ್ಟು ಹೋಗ್ರಿ, ನಮ್ಮ ಮಕ್ಕಳ ಕೂಡ ಇರ್ತದ” ಎನ್ನುತ್ತಾರೆ. ಮನಸ್ಸಿಲ್ಲದಿದ್ದರೆ ನಿಜವಾಗಿಯೂ ಬುದ್ಧಿ ಹೇಳುತ್ತಾರೆ. ನನಗೆ ಹದಿನೇಳು ತುಂಬಿದ ವರ್ಷ ಒಂದೇ ದಿನ ಎರಡು ಊರಿನಲ್ಲಿ ಎಷ್ಟು ಬುದ್ಧಿ ಹೇಳಿಸಿಕೊಂಡೆನೆಂದರೆ, ಅದರ ಅರ್ಧದಷ್ಟು ಮಳೆ ಬಿದ್ದಿದ್ದರೂ ನಮ್ಮ ಹೊಲದಲ್ಲಿ ತೊಗರಿ ಬರುತ್ತಿತ್ತು.

ಮಳೆ ಕೈಕೊಟ್ಟಿದ್ದು ಅದು ಎರಡನೇ ವರ್ಷ. ಎಂಬತ್ತರ ದಶಕದ ನಡುವಿನ ಮಾತು. ದಸರಾ ಹತ್ತಿರ ಬರುವ ಹೊತ್ತಿಗೆ ಸಂತಪುರದ ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಔರಾದದ ಉಸ್ಮಾನ ಮಿಯಾ ಎಂಬ ಮೇಸ್ತ್ರಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಹಿಡಿದಿದ್ದ. ನಮ್ಮ ಕಡೆಯ ಜನರ ತಂಡ ಕಟ್ಟಿಕೊಂಡು ಕರೆದೊಯ್ಯುತ್ತಿದ್ದ. ನಮ್ಮಪ್ಪ ಮಾಣಿಕ, ನಮ್ಮವ್ವ ಇಬ್ಬರೂ ಹೋಗುವುದೆಂದು ನಿಶ್ಚಯವಾಯಿತು. ತಂಗಿ ಗೌತಮಿ ಇನ್ನೂ ತೊದಲು ಮಾತಿನ ಕೂಸು. ಅವ್ವ ಇಟ್ಟಿಗೆ ಹೊರುವಾಗ ಅವಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಆ ಒಬ್ಬರು ನಾನೇ ಎಂದು ಅವ್ವ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

ನಾನು ಬೀದರಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ದಿನಾ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಮನೆಗೇ ಬೀಗ ಬಿದ್ದ ಮೇಲೆ ಯಾವ ಬಸ್ಸು, ಯಾವ ಸಂಜೆ? ಹಾಸ್ಟೆಲಿನ ಸೀಟುಗಳು ವರ್ಷದ ಆರಂಭದಲ್ಲೇ ತುಂಬಿಹೋಗಿದ್ದವು. ಆಗ ನಮಗೆ ಮನೆಯಿದೆ, ಬಸ್ಸಿದೆ ಎಂದು ನಾವು ಅರ್ಜಿಯನ್ನೇ ಹಾಕಿರಲಿಲ್ಲ. ಖಾಲಿ ಓಣಿಯಲ್ಲಿ ನನ್ನೊಬ್ಬಳನ್ನೇ ಬಿಟ್ಟು ಹೋಗಲು ಅವ್ವ ಸುತಾರಾಂ ಒಪ್ಪಲಿಲ್ಲ. ಪರೀಕ್ಷೆ ಮುಗಿಯುವ ತನಕ ಯಾರದಾದರೂ ಮನೆಯಲ್ಲಿ ಚಾಪೆ ಹಾಸುವಷ್ಟು ಜಾಗ ಸಿಕ್ಕರೆ ಓದು. ಸಿಗದಿದ್ದರೆ ಹೈದರಾಬಾದು, ಗೌತಮಿಯ ಜೋಳಿಗೆ ತೂಗುವುದು. ನನಗೆ ಓದಬೇಕಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಸಿಟ್ಟು ಬರುತ್ತಿತ್ತು. ಹಸಿದವರನ್ನು ಯಾಕೆ ಉಣ್ಣುತ್ತೀ ಎಂದು ಯಾರಾದರೂ ಕೇಳುತ್ತಾರೆಯೇ?

ಅಪ್ಪನಿಗೂ ನಾನು ಓದಬೇಕೆಂದೇ ಆಸೆ. ಆದರೆ ಅವನೂ ಅದೇ ಮನೆತನದವನು.

ಅಪ್ಪನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಗೋರಖನಾಥ ಭಾಲ್ಕಿಯಲ್ಲಿ ಮಾಸ್ತರ. ತಮ್ಮ ಮಚ್ಛೇಂದ್ರ ಬೀದರಿನ ಗಾಂಧಿ ಗಂಜದಲ್ಲಿ ಒಂದು ಕಾಳಿನ ಅಂಗಡಿಯ ಮುನೀಮ. ಅವರ ತಾಯಿ, ನಮ್ಮ ಆಯಿ ಭಾಗೀರಥಿಬಾಯಿ, ಮೂವರ ಮನೆಯಲ್ಲೂ ಪಾಳಿಯ ಮೇಲೆ ಇರುತ್ತಿದ್ದಳು. ದಸರಾದಿಂದ ಹೋಳಿ ಹುಣ್ಣಿಮೆಯ ತನಕ ಬೀದರು, ಹೋಳಿಯಿಂದ ಮಳೆಗಾಲ ಹಿಡಿಯುವ ತನಕ ಸಂತಪುರ, ಅಲ್ಲಿಂದ ದಸರಾ ತನಕ ಭಾಲ್ಕಿ. ಅಜ್ಜ ತೀರಿಕೊಂಡ ಮೇಲೆ ಮಕ್ಕಳು ಕೂತು ಮಾಡಿಕೊಂಡ ಏರ್ಪಾಡು. ಹೊಲ ಹಂಚಿಕೊಂಡ ಹಾಗೆ ಆಯಿಯನ್ನೂ ಹಂಚಿಕೊಂಡಿದ್ದರು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ದಸರಾಕ್ಕೆ ವಾರವಿರುವಾಗ ಅಪ್ಪ ನನ್ನನ್ನು ಕರೆದುಕೊಂಡು ಮೊದಲು ಭಾಲ್ಕಿಗೆ ಹೋದ. ಅಲ್ಲಿಂದ ಬೀದರಿಗೆ ಬಸ್ಸುಗಳು ಬೇಕಾದಷ್ಟು. ದೊಡ್ಡಪ್ಪನ ಹೊಸ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಬಿದ್ದಿತ್ತು. ದೊಡ್ಡಪ್ಪ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದ. ಗೋಡೆಯ ಬದಿ ಆಯಿ ಮೊರ ಹಿಡಿದು ಜೋಳದ ಹರಳು ಆರಿಸುತ್ತಿದ್ದಳು.

“ಜೈಭೀಮ ಅಣ್ಣಾ. ನಾವಂತೂ ಹೈದರಾಬಾದಿಗಿ ಹೊಂಟೇವ್ರಿ,” ಎಂದು ಅಪ್ಪ ಶುರು ಮಾಡಿದ. ಸ್ವಲ್ಪ ಹೊತ್ತು ಮಳೆಯ ಮಾತಾಡಿದ. ಆಮೇಲೆ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ದಬ್ಬಿದ. “ಈ ಹುಡುಗಿಗಿ ಜರಾ ಬುದ್ಧಿ ಹೇಳ್ರಿ.”

ದೊಡ್ಡಪ್ಪ ಪೇಪರು ಮಡಚಿ ಇಟ್ಟ. ಕನ್ನಡಕ ತೆಗೆದ. ಜಾಗ ಕೊಡುವವರು ಕನ್ನಡಕ ತೆಗೆಯುವುದಿಲ್ಲ.

“ನೋಡವ್ವಾ ವಿಶಾಖಾ, ಹೊತ್ತು ಹುಟ್ಟೂಕಿಂತ ಮೊದ್ಲ ಏಳಬೇಕು. ಆಗ ಓದಿದ್ದು ತಲ್ಯಾಗ ಕುಂದರ್ತದ. ನಮಗೆಲ್ಲಾ ಕರೆಂಟ್ ಎಲ್ಲಿತ್ತು? ಬೀದಿ ದೀಪದ ಬುಡಕ ಕುಂತು ಓದಿದೇವು.”

ಯಾವ ಬೀದಿ ದೀಪ ಎಂದು ಕೇಳಬೇಕೆನಿಸಿತು. ದೊಡ್ಡಪ್ಪ ಓದುವ ಕಾಲಕ್ಕೆ ಸಂತಪುರದಲ್ಲಿ ನೆಟ್ಟಗೆ ಒಂದು ಬೀದಿಯೇ ಇರಲಿಲ್ಲವೆಂದು ಆಯಿಯೇ ಹೇಳಿದ್ದಳು. ದೊಡ್ಡಪ್ಪ ಮುಂದುವರಿದ. ಸಿನಿಮಾ ನೋಡಬಾರದು. ಸುಮ್ಮಸುಮ್ಮನೆ ನಗುವ ಗೆಳತಿಯರ ಸಂಗ ಕೂಡದು. ಎರಡು ಜಡೆಗೆ ರಿಬ್ಬನ್ನು ಕಟ್ಟುವ ಹೊತ್ತಿನಲ್ಲಿ ಒಂದು ಪುಟ ಓದಿ ಮುಗಿಸಬಹುದು. ಅಕ್ಷರ ದುಂಡಗಿರಬೇಕು. ಮಿರ್ಚಿ ಭಜಿ ತಿಂದರೆ ನೆನಪಿನ ಶಕ್ತಿ ಹೋಗುತ್ತದೆ. ಚಹಾ ತಂದ ಮೀರಾಬಾಯಿ ದೊಡ್ಡವ್ವ ತನ್ನ ಪಾಲಿನದನ್ನೂ ಸೇರಿಸಿದಳು. “ಏನೇ ಅನ್ರಿ, ಹೆಣ್ಣು ಹುಡುಗ್ಯಾರು ತಾಯಿ ಕಣ್ಣ ಮುಂದ ಇದ್ರೇ ಚೆಂದ.” ಹಾಗೆನ್ನುತ್ತಲೇ ಹೋಗಿ ಆ ಖಾಲಿ ಕೋಣೆಯ ಬಾಗಿಲನ್ನು ಎಳೆದುಕೊಂಡು ಬಂದಳು.

“ಖರೇ ಅದ್ರಿ, ಖರೇ ಅದ,” ಎಂದು ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಚಹಾ ಕುಡಿದ. ಎದ್ದ.

ಅಪ್ಪ ಚಪ್ಪಲಿ ಮೆಟ್ಟುವಷ್ಟರಲ್ಲಿ ಆಯಿ ಸೆರಗಿನಲ್ಲಿ ಹುರಿದ ಪುಠಾಣಿ ಕಡಲೆ ಕಟ್ಟಿಕೊಂಡು ನನ್ನ ಹಿಂದೆ ಬೇವಿನ ಗಿಡದ ತನಕ ಬಂದಳು. ಅವಳ ನಾಲಿಗೆ ನನ್ನ ಹೆಸರಿಗೆ ಎಂದೂ ಪೂರ್ತಿ ಹೊರಳಲಿಲ್ಲ.

“ಇಶಾಕೀ, ನಿಮ್ಮಪ್ಪ ಏನ ಕೇಳ್ಲಿಕ್ಕ ಬಂದಿದ್ದ?”

“ಪರೀಕ್ಷಾ ತನಕ ನಂಗ ಇರ್ಲಿಕ್ಕ ಜಾಗ.”

“ಕೇಳ್ದೇನು?”

“ಇಲ್ಲ. ಬುದ್ಧಿ ಹೇಳ್ರಿ ಅಂದ.”

“ಮತ್ತ? ಬುದ್ಧಿ ಹೇಳಿದ್ರು. ಅವರದೇನು ತಪ್ಪು?” ಆಯಿ ಪುಠಾಣಿಯನ್ನು ನನ್ನ ಓಢಣಿಯ ತುದಿಗೆ ಕಟ್ಟುತ್ತ ಹೇಳಿದಳು. “ಅಂಗಡಿಗಿ ಹೋದ್ರ ಉಪ್ಪು ಬೇಕಂತೀ ಇಲ್ಲ? ಹಂಗೇ ಇದೂ. ಜಾಗ ಬೇಕಂದ್ರ ಜಾಗ ಕೇಳು. ಭಾಳ ಅಂದ್ರ ಇಲ್ಲ ಅಂತಾರ. ನೀ ಕೇಳ್ಲೇ ಇಲ್ಲಂದ್ರ ಅವರಿಗಿ ಇಲ್ಲ ಅನ್ನೋ ತ್ರಾಸೂ ಇಲ್ಲ ನೋಡು.”

ನನಗೆ ರೇಗಿತು. ಆ ಹೊತ್ತಿನಲ್ಲಿ ಇನ್ನೊಬ್ಬರ ಬುದ್ಧಿಮಾತು ಬೇಕಿರಲಿಲ್ಲ. “ನೀನೂ ಯಾರ್ನೂ ಏನೂ ಕೇಳಂಗಿಲ್ಲಲ್ಲ ಆಯಿ?”

“ಕೇಳ್ಲಿಲ್ಲ. ಅದಕ್ಕೇ ಗಂಟು ಹೊತ್ಕೊಂಡು ಮೂರು ಮನಿ ತಿರಗ್ಲಕತ್ತೀನಿ,” ಎಂದಳು ಆಯಿ. ಅವಳ ದನಿಯಲ್ಲಿ ದುಃಖವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಳಗೆ ಹೋಗಿ ಮತ್ತೆ ಮೊರ ಹಿಡಿದಳು. ಬೀದರಿನ ಬಸ್ಸು ಹತ್ತಿದ ಮೇಲೂ ಆ ಮಾತು ನನ್ನ ಬೆನ್ನು ಬಿಡಲಿಲ್ಲ.

ಗಾಂಧಿ ಗಂಜ ಆ ವರ್ಷ ಬಿಕೋ ಎನ್ನುತ್ತಿತ್ತು. ತೊಗರಿ, ಉದ್ದಿನ ಚೀಲಗಳು ರಸ್ತೆಯ ತನಕ ಬಂದು ಬೀಳುವ ಜಾಗದಲ್ಲಿ ಹಮಾಲರು ಕೈಗಾಡಿಗಳ ಮೇಲೆ ಮಲಗಿದ್ದರು. ಮಚ್ಛೇಂದ್ರ ಕಾಕಾ ಅಂಗಡಿಯ ಗಾದಿಯ ಮೇಲೆ ಪಕ್ಕದಂಗಡಿಯ ಅಬ್ದುಲ ಅಜೀಜನ ಜೊತೆ ಹರಟೆ ಹೊಡೆಯುತ್ತಿದ್ದ. ನಾವು ಭಾಲ್ಕಿಯಿಂದ ಬಂದೆವೆಂದು ಕೇಳಿದ್ದೇ ತಡ, ತನ್ನ ಹಳೇ ಕತೆ ತೆಗೆದ. ಅದನ್ನು ಅವನು ಪ್ರತಿ ಮದುವೆಯಲ್ಲೂ, ಮಕ್ಕಳ ಕೂದಲು ತೆಗೆಸುವ ಪ್ರತಿ ಜವಳದಲ್ಲೂ ಹೇಳುತ್ತಿದ್ದ.

“ಅಜೀಜ ಭಾಯ್, ಕೇಳ್ರಿ. ನಮ್ಮವ್ವನ ಪಾಳಿ ಭಾಲ್ಕ್ಯಾಗ ಇದ್ದಾಗ ಕಮಠಾಣದ ನಮ್ಮ ಮಾಮಾ, ಅವ್ವನ ಅಣ್ಣ, ತಂಗಿನ ಮಾತಾಡಸ್ಲಿಕ್ಕ ಹೋದ. ನಮ್ಮ ಅತ್ತಿಗಿ ಏನ ಮಾಡಿದ್ಳು? ಚಹಾ ಕುಡಿಸಿ ಬಸ್ಸಿನ ಟೈಮ್ ಹೇಳಿದ್ಳು! ನಾ ಬಿಡ್ತೇನಾ? ಇಬ್ರೂ ಅಣ್ಣಂದಿರ್ನ ಕುಂದರ್ಸಿ ಫೈಸಲಾ ಮಾಡ್ದೆ. ಅವ್ವನ ಪಾಳಿ ಯಾರ ಮನ್ಯಾಗ ಇರ್ತದೋ ಅಲ್ಲಿ ಅವ್ವನ ಮೂಲಿ ಅವ್ವಂದು. ಅಲ್ಲಿ ಯಾರ್ನ ಕುಂದರಸ್ತಾಳ, ಯಾರ್ನ ಮಲಗಸ್ತಾಳ, ಅದು ಅಕಿ ಮಾತು. ಮನಿಯವರು ತುಟಿ ಬಿಚ್ಚಂಗಿಲ್ಲ. ಅಣ್ಣ ಮಾಸ್ತರ ಇದ್ರೂ ತಲಿ ತಗ್ಗಿಸಿ ಹೂಂ ಅನಬೇಕಾತು.”

ಅಪ್ಪ ಕತೆ ಮುಗಿಯುವ ತನಕ ಕಾದ. ಆಮೇಲೆ ಅದೇ ಮಾತು. “ಮಚ್ಛೇಂದ್ರಾ, ಹುಡುಗಿಗಿ ಜರಾ ಬುದ್ಧಿ ಹೇಳಪ್ಪಾ.”

ಕಾಕಾ ದೊಡ್ಡಪ್ಪನಷ್ಟು ಗಂಭೀರನಲ್ಲ. ಅವನ ಬುದ್ಧಿಮಾತಿಗೆ ನಗೆಯ ಒಗ್ಗರಣೆ ಇರುತ್ತಿತ್ತು. ಪುಸ್ತಕ ಓದಿದರೆ ಸಾಲದು, ದುನಿಯಾ ಓದಬೇಕು. ಟೈಪಿಂಗ್ ಕಲಿ, ಎಲ್ಲಿ ಹೋದರೂ ಅನ್ನ ಸಿಗುತ್ತದೆ. ಯಾರ ಮುಂದೆಯೂ ತಲೆ ತಗ್ಗಿಸಬೇಡ, ಸೀದಾ ಮಾತಾಡು. ಮಾತಾಡುತ್ತಲೇ ಅಂಗಡಿಯಿಂದೆದ್ದು ನಮ್ಮನ್ನು ಚಹಾಕ್ಕೆಂದು ಗಂಜದ ಹಿಂದಿನ ತನ್ನ ಮನೆಗೆ ಕರೆದೊಯ್ದ.

ಎರಡು ಖೋಲಿ, ಮೂರು ಮಕ್ಕಳು. ಹೊರಗಿನ ಖೋಲಿಯಲ್ಲಿ ಕಿಟಕಿಯ ಬದಿಗೆ ಒಂದು ಮೂಲೆ ಗುಡಿಸಿ ಒರೆಸಿ ಖಾಲಿ ಇಟ್ಟಿದ್ದರು. ಅವನ ಹೆಂಡತಿ ಶಾಲುಬಾಯಿ ಕಾಕು ಬೆಳಗ್ಗೆ ನಳದಿಂದ ತುಂಬಿ ತಂದ ಕೊಡಗಳನ್ನು ಒಳಗೆ ಸರಿಸುತ್ತಿದ್ದಳು. “ಬರ್ರಿ ಭಾವಾ. ಈ ನೀರಿಗಿ ನಿಂತು ನಿಂತು ನನ್ನ ಸೊಂಟ ಹೋಗ್ಯದ ನೋಡ್ರಿ. ಮೂರು ದಿನಕ್ಕೊಮ್ಮಿ ಬಿಡ್ತಾರ, ಅದೂ ಕೋಳಿ ಕೂಗೂ ಹೊತ್ನ್ಯಾಗ.”

ಚಹಾ ಬಂತು. ಅಪ್ಪ ಗುಟುಕರಿಸಿದ. ಕಿಟಕಿಯ ಕಡೆ ನೋಡಿದ, ನೆಲ ನೋಡಿದ. ಕಪ್ಪು ಖಾಲಿಯಾಗುತ್ತ ಬಂತು. ಅದು ಖಾಲಿಯಾದರೆ ಅಪ್ಪ ಏಳುತ್ತಾನೆ, ಅಲ್ಲಿಗೆ ನನ್ನ ಓದು ಮುಗಿಯಿತು.

“ಕಾಕಾ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ನಂಗ ಬುದ್ಧಿ ಬ್ಯಾಡ್ರಿ. ಪರೀಕ್ಷಾ ಮುಗಿಯೋ ತನಕ ನಿಮ್ಮ ಮನ್ಯಾಗ ಇರ್ಲಿಕ್ಕ ಜಾಗ ಬೇಕು. ಕೊಡ್ತೀರೇನು?”

ಕಾಕಾನ ನಗು ಅಲ್ಲೇ ನಿಂತಿತು. ಅಪ್ಪ ಕಪ್ಪನ್ನು ಬಸಿಯ ಮೇಲೆ ಇಟ್ಟ ಸಪ್ಪಳ ಕೇಳಿತು. ಸೀದಾ ಮಾತಾಡು ಎಂದು ಈಗಷ್ಟೇ ಹೇಳಿದವನು ಗೋಡೆ ನೋಡುತ್ತ ಕೂತ. ಉತ್ತರ ಕೊಟ್ಟವಳು ಕಾಕು.

“ಕೇಳ್ದಿ, ನಾನೂ ಖುಲ್ಲಾ ಹೇಳ್ತೇನಿ. ಜಾಗ ಇಲ್ಲವ್ವಾ. ಒಳಗ ನಾವು ಐದು ಮಂದಿ ಕಾಲು ಮಡಚಿ ಮಲಗ್ತೇವಿ. ಇಲ್ಲಿ ಇದೊಂದು ಮೂಲಿ, ಇದು ಅತ್ತಿದು. ಮುಂದಿನ ವಾರ ಬರ್ತಾರ. ಅವರ ಮೂಲಿ ನಾ ಹ್ಯಾಂಗ ಕೊಡ್ಲಿ?”

ಇಲ್ಲ ಎಂದಳು. ಆದರೆ ಮೇಲೆ ಬುದ್ಧಿ ಹೇಳಲಿಲ್ಲ. ಆ ದಿನ ಕಂಡವರಲ್ಲಿ ನನಗೆ ಸೇರಿದವಳು ಅವಳೊಬ್ಬಳೇ.

ಸಂಜೆ ಸಂತಪುರದ ಬಸ್ಸು ಹತ್ತಿದೆವು. “ನನ್ನ ಮಾನ ಕಳದಿ,” ಎಂದ ಅಪ್ಪ.

“ಮಾನ ಇಟ್ಕೊಂಡು ಏನ ಸಿಕ್ತು ಅಪ್ಪಾ?”

ಹೊಡೆಯುತ್ತಾನೆಂದುಕೊಂಡೆ. ಅಪ್ಪ ಕಿಟಕಿಯ ಕಡೆ ಹೊರಳಿದ. ಹೊರಗೆ ತೊಗರಿ ಮೊಣಕಾಲಿನಷ್ಟೂ ಎದ್ದಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಮನೆಯಲ್ಲಿ ಅವ್ವ ಆಗಲೇ ಪಾತ್ರೆ ಕಟ್ಟುತ್ತಿದ್ದಳು. “ನಾ ಹೈದರಾಬಾದಿಗಿ ಬರಂಗಿಲ್ಲ” ಎಂದೆ. ಅವ್ವ ಬೈಯಲಿಲ್ಲ. “ಬರಬ್ಯಾಡ. ಕೂಸಿನ ಯಾರು ನೋಡ್ಬೇಕು ಹೇಳು,” ಎಂದಳಷ್ಟೇ. ಗೌತಮಿ ಬಂದು ನನ್ನ ಕಾಲಿಗೆ ತೆಕ್ಕೆ ಬಿದ್ದಳು, ಅವಳನ್ನು ಎತ್ತಿಕೊಂಡೆ.

ಆದರೂ ಕೇಳುವುದನ್ನು ಬಿಡಲಿಲ್ಲ. ಒಮ್ಮೆ ಬಾಯಿ ಬಿಟ್ಟಾಗಿತ್ತು, ಇನ್ನು ಮುಚ್ಚಿಕೊಂಡು ಏನು ಬಂತು? ಆ ವಾರ ಹಾಸ್ಟೆಲಿನ ಮೇಡಮ್ಮನ್ನು ಕೇಳಿದೆ. ನಮ್ಮ ಇತಿಹಾಸದ ಸರ್ ಅವರ ಹೆಂಡತಿಯನ್ನು ಕೇಳಿದೆ. ಗೆಳತಿ ಆಬೇದಾಳ ಮನೆಗೆ ಹೋಗಿ ಅವಳ ತಾಯಿ ಶಾಕಿರಾ ಬೇಗಂರನ್ನು ಕೇಳಿದೆ. “ಇಟ್ಕೋತಿದ್ದೆ ಬೇಟಿ, ದೊಡ್ಡ ಮಗಳು ಬಾಣಂತನಕ್ಕ ಬಂದಾಳ, ಕಾಲಿಡ್ಲಿಕ್ಕ ಜಾಗ ಇಲ್ಲ. ಹಸಿವಾದ ದಿನ ಬಾ, ಖಾನಾ ಹಾಕ್ತೇನಿ,” ಎಂದರು ಅವರು. ಎಲ್ಲರೂ ಇಲ್ಲ ಎಂದರು. ವಿಚಿತ್ರವೆಂದರೆ ಪ್ರತಿ ಸಲ ಇಲ್ಲ ಎನಿಸಿಕೊಂಡಾಗಲೂ ಮುಂದಿನವರನ್ನು ಕೇಳುವುದು ಹಗುರವಾಗುತ್ತ ಹೋಯಿತು.

ದಸರಾದ ಮರುದಿನ ಆಯಿಯ ಪಾಳಿ ಬದಲಾಗುವ ದಿನ. ಕಳಿಸುವ ಮಗ ತಾಯಿಯ ಗಂಟು ತಾನೇ ಹೊತ್ತು ತರಬೇಕು, ಕರೆದುಕೊಳ್ಳುವ ಮನೆಯ ಸೊಸೆ ಕಾಲಿಗೆ ನೀರು ಹಾಕಬೇಕು, ಎಲ್ಲರೂ ಕೂಡಿ ಉಣ್ಣಬೇಕು. ಹಾಗಾಗಿ ದೊಡ್ಡಪ್ಪ ದೊಡ್ಡವ್ವ ಬೀದರಿಗೆ ಬಂದಿದ್ದರು. ನಾವೂ ಬಂದಿದ್ದೆವು. ಮಧ್ಯಾಹ್ನದ ಹೈದರಾಬಾದ್ ಬಸ್ಸಿಗೆ ಉಸ್ಮಾನ ಮಿಯಾನ ತಂಡ ಹೊರಡುವುದಿತ್ತು. ನಮ್ಮ ಸಾಮಾನು ಕಾಕಾನ ಕಟ್ಟೆಯ ಮೇಲಿತ್ತು. ಅದರಲ್ಲಿ ಹಿಟ್ಟಿನ ಚೀಲದ ಪಕ್ಕ ನನ್ನ ಪುಸ್ತಕದ ಚೀಲವೂ ಇತ್ತು. ಹೈದರಾಬಾದಿಗಾದರೂ ಸರಿ, ಪುಸ್ತಕ ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದು ತಂದಿದ್ದೆ.

ಕಾಕು ಒಂದೇ ತಂಬಿಗೆ ನೀರಿನಲ್ಲಿ ಆಯಿಯ ಎರಡೂ ಕಾಲು ತೋಯಿಸಿದಳು. ಉಣ್ಣುತ್ತ ನಾನು ಆ ವಾರ ಯಾರ್ಯಾರನ್ನು ಜಾಗ ಕೇಳಿದೆನೆಂದು ಆಯಿಗೆ ಹೇಳಿದೆ. ಊಟ ಮುಗಿಯಿತು. ದೊಡ್ಡಪ್ಪ ಆಯಿಯ ಗಂಟನ್ನು ಕಿಟಕಿಯ ಮೂಲೆಯಲ್ಲಿಟ್ಟು ಕೈ ಝಾಡಿಸಿಕೊಂಡ. ಆಯಿ ಕೂರಲಿಲ್ಲ.

“ಮಚ್ಛೇಂದ್ರಾ, ಈ ಮೂಲಿ ಯಾರದು?”

“ನಿಂದೇ ಅವ್ವಾ.”

“ಎಲ್ಲಿ ತನಕ?”

“ಹೋಳಿ ತನಕ. ಯಾಕವ್ವಾ?”

“ಇಲ್ಲಿ ಯಾರು ಕುಂದರಬೇಕು, ಯಾರು ಮಲಗಬೇಕು, ಅದು ಯಾರ ಮಾತು?”

ಕಾಕಾನಿಗೆ ಏನೋ ವಾಸನೆ ಹತ್ತಿತು. ಆದರೆ ಎದುರಿಗೆ ದೊಡ್ಡಪ್ಪ ನಿಂತಿದ್ದ. ಇಷ್ಟು ವರ್ಷ ಮದುವೆ ಜವಳಗಳಲ್ಲಿ ಹೇಳಿಕೊಂಡು ಬಂದ ಕತೆಯನ್ನು ದೊಡ್ಡಪ್ಪನ ಮುಂದೆಯೇ ನುಂಗುವುದು ಅವನಿಂದಾಗಲಿಲ್ಲ. “ನಿನ್ನ ಮಾತೇ ಅವ್ವಾ,” ಎಂದ.

“ನೀನೇ ಮಾಡಿದ ಫೈಸಲಾ ಅಲ್ಲೇನೋ ಅದು,” ಎಂದು ದೊಡ್ಡಪ್ಪ ನಗುತ್ತ ಸೇರಿಸಿದ. ಅವನಿಗೆ ಖುಷಿಯೋ ಖುಷಿ.

ಆಯಿ ಬಗ್ಗಿ ತನ್ನ ಗಂಟನ್ನು ಎತ್ತಿಕೊಂಡಳು. “ಇಶಾಕೀ, ನಿನ್ನ ಪುಸ್ತಕದ ಚೀಲ ತಾ. ಇಲ್ಲಿಡು.”

ಆಯಿ ಇನ್ನೊಮ್ಮೆ ಗದರಿಸಿದ ಮೇಲೆ ಕಟ್ಟೆಗೆ ಓಡಿ ಚೀಲ ತಂದು ಕಿಟಕಿಯ ಬದಿಗಿಟ್ಟೆ. ಶಾಲುಬಾಯಿ ಕಾಕು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಅತ್ತೀ, ಸಿಟ್ಟಾಗಬ್ಯಾಡ್ರಿ. ಈ ಮೂಲ್ಯಾಗ ಇಬ್ರು ಹಿಡಸಂಗಿಲ್ರಿ.”

“ಇಬ್ರು ಅಂತ ಯಾರಂದ್ರು? ನಾ ಮಾಣಿಕನ ಕೂಡ ಹೈದರಾಬಾದಿಗಿ ಹೊಂಟೇನಿ.”

ಎಲ್ಲರೂ ಒಟ್ಟಿಗೇ ಮಾತಾಡಿದರು. ಅಪ್ಪ, “ಅವ್ವಾ, ಅಲ್ಲಿ ತಗಡಿನ ಶೆಡ್ಡು” ಎಂದ. “ಸೋರ್ಲಿಕ್ಕ ಮಳಿ ಎಲ್ಲದ?” ಎಂದಳು ಆಯಿ. ಮಂದಿ ಏನಂದಾರು ಎಂದಳು ದೊಡ್ಡವ್ವ. ದೊಡ್ಡಪ್ಪ ಮುಂದೆ ಬಂದು ನಿಂತು, “ನೋಡವ್ವಾ, ಈ ವಯಸ್ಸಿನ್ಯಾಗ” ಎನ್ನುತ್ತ ಕನ್ನಡಕ ತೆಗೆದ.

“ಕನ್ನಡಕ ಹಾಕ್ಕೋ,” ಎಂದಳು ಆಯಿ.

ದೊಡ್ಡಪ್ಪ ಹಾಕಿಕೊಂಡ.

“ಮಾಣಿಕನ ಹೆಂಡ್ತಿ ಇಟ್ಟಂಗಿ ಹೊರಬೇಕು. ಕೂಸಿನ ನೋಡ್ಲಿಕ್ಕ ಒಬ್ರು ಬೇಕು. ನಂಗ ಇಟ್ಟಂಗಿ ಹೊರ್ಲಿಕ್ಕ ಆಗಂಗಿಲ್ಲ, ಕೂಸಿನ ಹೊರ್ಲಿಕ್ಕ ಆಗ್ತದ. ನಿಮ್ಮೆಲ್ಲಾರ್ನೂ ಹೊತ್ತಿಲ್ಲೇನು? ಯಾವ ಮನ್ಯಾಗ ಇರ್ತೀ ಅಂತ ನೀವು ನನ್ನ ಎಂದೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಅದು ನನ್ನ ತಪ್ಪು. ಇವತ್ತ ಹೇಳ್ತೇನಿ. ಈ ಸಲ ಮಾಣಿಕನ ಕೂಡ ಇರ್ತೇನಿ. ನನ್ನ ಮೂಲ್ಯಾಗ ಇಶಾಕಿ ಇರ್ತಾಳ.”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಬೇಕಾದದ್ದು ನನ್ನ ಕಾಲ ಬುಡಕ್ಕೇ ಬಂದು ಬಿದ್ದಿತ್ತು. ಆದರೆ ಆಯಿಯ ಕೈಯಲ್ಲಿ ಗಂಟು ನೋಡಿ ನನಗೆ ತಡೆಯಲಾಗಲಿಲ್ಲ. “ಬ್ಯಾಡ ಆಯಿ, ನಾನೇ ಹೋಗ್ತೇನಿ” ಎಂದೆ.

“ಊರೆಲ್ಲಾ ತಿರುಗಿ ಬೇಕು ಬೇಕು ಅಂದಿ, ಕೊಡೂ ಹೊತ್ತಿಗಿ ಬ್ಯಾಡ ಅಂತಿ. ಒಂದು ಮಾತಿನ ಮ್ಯಾಲ ನಿಲ್ಲು,” ಎಂದು ಆಯಿ ಬೈದಳು. “ಪರೀಕ್ಷಾ ಯಾವಾಗ?”

“ಹೋಳಿ ಆದ ಮ್ಯಾಲ.”

“ಹೋಳಿ ತನಕ ನಂದಿತ್ತು, ಕೊಟ್ಟೇನಿ. ಆಮ್ಯಾಲಿಂದು ನಂದಲ್ಲ. ನಿಂಗ ಬೇಕಾದ್ರ ನೀ ಕೇಳಿ ತಗೋ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಾಕಾ ತನ್ನನ್ನು ಕೇಳುತ್ತಾಳೆಂದು ಗಂಟಲು ಸರಿಮಾಡಿಕೊಂಡ. ನಾನು ಅವನನ್ನು ಕೇಳಲಿಲ್ಲ. ಆ ಮನೆ ಯಾರ ಸೊಂಟದ ಮೇಲೆ ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು.

“ಕಾಕು, ಹೋಳಿ ಆದ ಮ್ಯಾಲೂ ಪರೀಕ್ಷಾ ಮುಗಿಯೋ ತನಕ ಇಲ್ಲೇ ಇರ್ತೇನಿ. ಇಟ್ಕೋರಿ. ನಳದ ನೀರು ನಾ ತುಂಬ್ತೇನಿ. ಇವತ್ತಿನಿಂದ ನೀವು ಸಾಲಿನ್ಯಾಗ ನಿಲ್ಲೋದು ಬ್ಯಾಡ.”

ಕಾಕು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಕೋಳಿ ಕೂಗೂ ಹೊತ್ತಿಗಿ ಬಿಡ್ತಾರ. ಏಳ್ತೀ?”

“ಏಳ್ತೇನಿ.”

“ಅಲ್ಲಿ ಕೊಡ ಸರಸಿ ಮುಂದ ನುಗ್ತಾರ. ಜಗಳ ಮಾಡ್ಲಿಕ್ಕ ಬರ್ತದೇನು?”

“ಬರ್ತದ್ರಿ,” ಎಂದೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಪರೀಕ್ಷಾ ಮುಗದ ಮ್ಯಾಲ ಒಂದು ದಿನಾನೂ ಹೆಚ್ಚಿಗಿ ಇಲ್ಲ, ಮೊದ್ಲೇ ಹೇಳ್ತೇನಿ.”

“ಇಲ್ರಿ.”

“ಹಂಗಾದ್ರ ಆ ಚೀಲ ಜರಾ ಒಳಗ ಸರಸಿ ಇಡು. ಬಾಗಲಿಗಿ ಅಡ್ಡ ಆಗ್ತದ.”

ಬಸ್‌ಸ್ಟ್ಯಾಂಡಿನಲ್ಲಿ ಉಸ್ಮಾನ ಮಿಯಾ ಗಂಟುಗಳನ್ನು ಬಸ್ಸಿನ ಮೇಲೆ ಏರಿಸುತ್ತಿದ್ದ. ಆಯಿಯನ್ನು ನೋಡಿ, “ಅರೆ, ಅಮ್ಮಾನೂ ಬರ್ತಾರೇನು? ಬಹುತ್ ಅಚ್ಛಾ. ಎಲ್ಲಾರ ಮಕ್ಕಳೂ ಉಸುಕಿನ್ಯಾಗ ಬಿದ್ದಿರ್ತಾವ, ನೋಡ್ಲಿಕ್ಕ ಒಬ್ರು ಬೇಕೇ ಇತ್ತು,” ಎಂದ. ಆಯಿ ಆಗಲೇ ಗೌತಮಿಯನ್ನು ಸೊಂಟಕ್ಕೇರಿಸಿಕೊಂಡಿದ್ದಳು.

ಅಪ್ಪ ಕಾಕಾನ ಮುಂದೆ ಬಂದು ನಿಂತ. “ಮಚ್ಛೇಂದ್ರಾ, ಹುಡುಗಿಗಿ ಜರಾ” ಎಂದು ಶುರು ಮಾಡಿ, ನನ್ನ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದ. “ನನ್ನ ಮಗಳ್ನ ನೋಡ್ಕೋ,” ಎಂದ. ಅಪ್ಪ ಒಬ್ಬರ ಹತ್ತಿರ ಬಾಯಿ ಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾಕಾ ಅವನ ಕೈ ಹಿಡಿದುಕೊಂಡ.

ಆಯಿ ಕಿಟಕಿಯ ಬದಿಯ ಸೀಟು ಹಿಡಿದಳು. ನಾನು ಕೆಳಗೆ ಸರಳು ಹಿಡಿದು ನಿಂತೆ. ಏನೇನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಮನೆತನದ ಅದೇ ಹಳೇ ಮಾತು.

“ಆಯಿ, ನಂಗ ಏನರೆ ಬುದ್ಧಿ ಹೇಳು.”

“ಬುದ್ಧಿನೇ ಬೇಕೋ, ಮತ್ತೇನರೆ ಬೇಕೋ? ಸೀದಾ ಹೇಳು.”

ಡ್ರೈವರ್ ಬಸ್ಸು ಚಾಲು ಮಾಡಿದ. ನನ್ನ ಕಣ್ಣು ತುಂಬಿ ಬಂತು.

“ಹೋಗಬ್ಯಾಡ ಆಯಿ.”

ಆಯಿ ಸರಳಿನ ಸಂದಿಯಿಂದ ಕೈ ಹಾಕಿ ನನ್ನ ಗದ್ದ ಹಿಡಿದಳು. ಅಂಗೈ ಜೋಳದ ಸಿಪ್ಪೆಯಷ್ಟು ಒರಟಾಗಿತ್ತು.

“ಅದು ಸಿಗಂಗಿಲ್ಲ,” ಎಂದಳು. “ಆದ್ರ ಕೇಳ್ದಿಯಲ್ಲ, ಛಲೋ ಮಾಡಿದಿ.”

ಬಸ್ಸು ಹೊರಟಿತು. ಗೌತಮಿ ಆಯಿಯ ಹೆಗಲ ಮೇಲಿಂದ ನನಗೆ ಕೈ ಮಾಡುತ್ತಿದ್ದಳು, ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಬಸ್ಸು ಕಣ್ಮರೆಯಾಗುವ ತನಕ ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಕಾಕಾನ ಹಿಂದೆ ನಡೆದೆ.

ಮರುದಿನ ನಳ ಬಿಡುವ ಪಾಳಿ. ಹೊತ್ತು ಹುಟ್ಟುವ ಮೊದಲೇ ಎದ್ದು ಕೊಡ ತೆಗೆದುಕೊಂಡು ಹೋದೆ. ದೊಡ್ಡಪ್ಪ ಹೇಳಿದ ಬುದ್ಧಿಯಲ್ಲಿ ಅದೊಂದು ಕೆಲಸಕ್ಕೆ ಬಂತು. ನನಗಿಂತ ಆಮೇಲೆ ಬಂದ ಹೆಂಗಸೊಬ್ಬಳು ಕಾಲಿನಿಂದ ನನ್ನ ಕೊಡ ಸರಿಸಿ ತನ್ನದನ್ನು ಮುಂದಿಟ್ಟಳು. “ಅಕ್ಕಾ, ಆ ಜಾಗ ನಂದು,” ಎಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು, ಕೊಡ ಹಿಂದಕ್ಕೆ ಎಳೆದುಕೊಂಡಳು. ನಾನು ನನ್ನ ಕೊಡ ಮುಂದಿಟ್ಟು, ಕಂಬದ ದೀಪದ ಬೆಳಕಿಗೆ ಸರಿದು, ಕಂಕುಳಲ್ಲಿದ್ದ ಪುಸ್ತಕ ತೆಗೆದೆ.